ಹಸುವಿನ ಹೊಟ್ಟೆ

"ಹಸು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ ಇವೆ. ಅದು ಹುಲ್ಲನ್ನು ತಿಂದು ಹಾಲನ್ನು ಕೊಡುತ್ತದೆ." ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ಈ ಪ್ರಬಂಧವನ್ನು ಬರೆಯದವರು ಯಾರಿದ್ದಾರೆ? ನಾವೂ ಬರೆದಿದ್ದೆವು, ಹತ್ತಕ್ಕೆ ಏಳು ಅಂಕಗಳನ್ನೂ ಪಡೆದಿದ್ದೆವು. ಕಾಲು, ಕೊಂಬು, ಬಾಲಗಳನ್ನು ಇಷ್ಟು ಕಟ್ಟುನಿಟ್ಟಾಗಿ ಎಣಿಸುವ ಈ ಪ್ರಬಂಧ, ಹುಲ್ಲಿಗೂ ಹಾಲಿಗೂ ನಡುವೆ ಇರುವ ಹೊಟ್ಟೆಯನ್ನು ಮಾತ್ರ "ತಿಂದು" ಎಂಬ ಒಂದೇ ಶಬ್ದದಲ್ಲಿ ದಾಟಿಬಿಡುತ್ತದೆ. ಹಸುವಿನ ಸೋಜಿಗವೆಲ್ಲ ಇರುವುದು ಆ ಒಂದು ಶಬ್ದದಲ್ಲಿಯೇ. ಅದರ ಸಂಕಟವೂ ಬಹುಪಾಲು ಹುಟ್ಟುವುದು ಅಲ್ಲಿಯೇ.

ಮುಂಬಯಿಯಲ್ಲಿ ಬೆಳೆದ ಬಾಲಕ ಬಾಲಿಕೆಯರಿಗೆ ಹಸುವಿನ ಪರಿಚಯವಾಗುವುದು ಮುಖ್ಯವಾಗಿ ಎರಡು ಕಡೆ. ಒಂದು, ಮುಂಜಾನೆ ಬಾಗಿಲಿಗೆ ಬಂದು ಬೀಳುವ ಹಾಲಿನ ಚೀಲದ ಮೇಲಿನ ಚಿತ್ರದಲ್ಲಿ. ಎರಡು, ದೇವಸ್ಥಾನದ ಮೂಲೆಯಲ್ಲಿ. ಗೋರೆಗಾಂವಿನ ಆರೇ ಕಾಲನಿ 1949ರಲ್ಲಿ ಸ್ಥಾಪನೆಯಾದುದು ನಿಜ. ಆದರೆ ಅಲ್ಲಿಯ ಕೊಟ್ಟಿಗೆಗಳಲ್ಲಿ ಕಾಣಸಿಗುವುದು ಹೆಚ್ಚಾಗಿ ಎಮ್ಮೆಗಳು. ದೇವಸ್ಥಾನದ ಮೂಲೆಯ ಹಸುವನ್ನಾದರೋ ನೀವೆಲ್ಲರೂ ಬಲ್ಲಿರಿ. ಕಂಬಕ್ಕೆ ಕಟ್ಟಿದ ಹಸು. ಪಕ್ಕದಲ್ಲಿ ಹಸಿರು ಹುಲ್ಲಿನ ಕಟ್ಟುಗಳನ್ನೂ ಹಿಟ್ಟಿನ ಲಾಡುಗಳನ್ನೂ ಮುಂದಿಟ್ಟುಕೊಂಡು ಕುಳಿತ ಒಬ್ಬ ಹೆಂಗಸು. ಹೋಗಿ ಬರುವವರು ನಾಣ್ಯ ಕೊಡುತ್ತಾರೆ, ಲಾಡು ತೆಗೆದುಕೊಳ್ಳುತ್ತಾರೆ, ಹಸುವಿನ ಬಾಯಿಗೆ ಹಿಡಿಯುತ್ತಾರೆ, ಅದರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಲೋಕಲ್ ಗಾಡಿ ಹಿಡಿಯಲು ಓಡುತ್ತಾರೆ. ಅಮಾವಾಸ್ಯೆಯೋ ಸಂಕ್ರಾಂತಿಯೋ ಬಂದರೆ ಮನೆಯಿಂದಲೇ ಚಪಾತಿ, ಅನ್ನ, ಬೆಲ್ಲಗಳನ್ನು ಕಟ್ಟಿ ತರುವವರೂ ಉಂಟು. ಅಷ್ಟೆಲ್ಲ ಒಂದೇ ಹಸುವಿನ ಹೊಟ್ಟೆಗೆ ಹೋಗಬೇಕಷ್ಟೆ. ಹಾಗೆ ಹೋದುದು ಒಳಗೆ ಏನಾಗುತ್ತದೆ ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ನಮಗೆ ಹೊಟ್ಟೆ ಒಂದು. ಹಸುವಿಗೆ ನಾಲ್ಕು ಅಂಕಣಗಳ ಹೊಟ್ಟೆ. ಇವುಗಳಲ್ಲಿ ಮೊದಲನೆಯದು, ಮೆಲುಕುಚೀಲವೆಂಬುದು, ಉಳಿದ ಮೂರನ್ನು ಕೂಡಿಸಿದರೂ ಮೀರುವಷ್ಟು ದೊಡ್ಡದು. ಹಸುವಿನ ಹೊಟ್ಟೆಯ ಎಡಭಾಗವನ್ನೆಲ್ಲ ಅದೇ ಆಕ್ರಮಿಸಿಕೊಂಡಿರುತ್ತದೆ. ದೊಡ್ಡ ತಳಿಯ ಹಸುವಾದರೆ ಅದರೊಳಗೆ ನೂರು ಲೀಟರಿಗೂ ಮೇಲ್ಪಟ್ಟು ಹಿಡಿಯುತ್ತದೆ. ನಿಮ್ಮ ಚಾಳಿನ ಮೋರಿಯಲ್ಲಿ ಇಟ್ಟಿರುವ ನೀರಿನ ಪೀಪಾಯಿಯನ್ನು ನೆನೆದುಕೊಂಡರೆ ಅಂದಾಜು ಸಿಕ್ಕೀತು. ಎರಡನೆಯದು ಜಾಲಹೊಟ್ಟೆ, ಅದರ ಒಳಗೋಡೆ ಜೇನುಹುಟ್ಟಿನಂತೆ ಕಣ್ಣುಕಣ್ಣಾಗಿರುವುದರಿಂದ ಆ ಹೆಸರು. ಮೂರನೆಯದು ಪುಸ್ತಕದ ಹಾಳೆಗಳಂತೆ ಪದರಪದರವಾದುದು. ನಾಲ್ಕನೆಯದು ಮಾತ್ರ ನಮ್ಮ ಜಠರದಂತೆಯೇ ಹುಳಿರಸವನ್ನು ಸುರಿಸುವ ನಿಜವಾದ ಜಠರ.

ಜಾಲಹೊಟ್ಟೆಯ ವಿಷಯವಾಗಿ ನಗರದ ಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಹಸು ನಮ್ಮಂತೆ ಆರಿಸಿ ಹೆಕ್ಕಿ ತಿನ್ನುವ ಪ್ರಾಣಿಯಲ್ಲ. ನಾಲಿಗೆಯಿಂದ ಬಾಚಿ ಒಳಗೆಳೆದುಕೊಳ್ಳುವುದು, ಅಗಿಯುವ ಕೆಲಸವನ್ನು ಆಮೇಲೆ ನೋಡಿಕೊಳ್ಳುವುದು ಅದರ ಪದ್ಧತಿ. ಕಸದ ರಾಶಿಯಲ್ಲಿ ಬಿದ್ದ ಮೊಳೆ, ತಂತಿಯ ತುಂಡು ಹೀಗೆ ಒಳಗೆ ಹೋದರೆ ಭಾರವಾದ್ದರಿಂದ ಜಾಲಹೊಟ್ಟೆಯಲ್ಲಿ ಬಂದು ನಿಲ್ಲುತ್ತದೆ. ಅದಕ್ಕೂ ಹೃದಯಕ್ಕೂ ನಡುವೆ ತೆಳುವಾದ ವಪೆಯೊಂದು ಬಿಟ್ಟರೆ ಹೆಚ್ಚಿನ ಅಂತರವಿಲ್ಲ. ಹೊಟ್ಟೆ ಕುಗ್ಗಿ ಹಿಗ್ಗುವಾಗಲೆಲ್ಲ ತಂತಿಯ ತುದಿ ಮುಂದೆ ಮುಂದೆ ಸರಿದು, ವಪೆಯನ್ನು ಚುಚ್ಚಿ, ಹೃದಯದ ಹೊದಿಕೆಯನ್ನು ಸೇರಿ ಅಲ್ಲಿ ಕೀವು ತುಂಬುವುದುಂಟು. ತಿಂದದ್ದು ಹೊಟ್ಟೆಗೆ, ಸತ್ತದ್ದು ಹೃದಯದ ಬೇನೆಯಿಂದ! ಪರದೇಶಗಳ ದೊಡ್ಡ ಹಟ್ಟಿಗಳಲ್ಲಿ ಹಸುವಿಗೆ ಒಂದು ಅಯಸ್ಕಾಂತದ ತುಂಡನ್ನೇ ನುಂಗಿಸಿಬಿಡುತ್ತಾರೆ. ಅದು ಜಾಲಹೊಟ್ಟೆಯಲ್ಲಿ ಕುಳಿತು ಮೊಳೆಗಳನ್ನು ತನ್ನ ಮೈಗೆ ಅಂಟಿಸಿಕೊಂಡು ಹಸುವಿನ ಆಯುಷ್ಯ ಮುಗಿಯುವವರೆಗೆ ಕಾವಲಿರುತ್ತದೆ. ಪ್ಲಾಸ್ಟಿಕ್ ಚೀಲಗಳಿಗೆ ಮಾತ್ರ ಅಂತಹ ಅಯಸ್ಕಾಂತವಿಲ್ಲ. ಅವು ಮೆಲುಕುಚೀಲದಲ್ಲಿ ಹೆಣೆದುಕೊಂಡು ಗಂಟಾಗಿ ಅಲ್ಲಿಯೇ ಉಳಿಯುತ್ತವೆ.

ಇನ್ನು ಮೆಲುಕುಚೀಲದ ಮಾತು. ಹುಲ್ಲಿನ ನಾರನ್ನು ಅರಗಿಸಿಕೊಳ್ಳುವ ಶಕ್ತಿ ನಮಗಿಲ್ಲವಷ್ಟೆ. ನಿಜ ಹೇಳುವುದಾದರೆ ಹಸುವಿಗೂ ಇಲ್ಲ. ಅದನ್ನು ಅರಗಿಸುವವರು ಆ ಚೀಲದಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು. ಒಂದು ಮಿಲಿಲೀಟರ್ ರಸದಲ್ಲಿ, ಎಂದರೆ ಇಪ್ಪತ್ತು ಹನಿಗಳಷ್ಟರಲ್ಲಿ, ಸಾವಿರ ಕೋಟಿಗೂ ಮಿಕ್ಕಿ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಿಗಿಂತ ಬಲು ದೊಡ್ಡವಾದ, ಮೈತುಂಬ ರೋಮಗಳನ್ನು ಬೀಸುತ್ತ ಈಜಾಡುವ ಏಕಕೋಶಜೀವಿಗಳು ಲಕ್ಷಗಟ್ಟಲೆ. ಇವುಗಳನ್ನು 1843ರಲ್ಲಿ ಫ್ರಾನ್ಸಿನಲ್ಲಿ ಗ್ರೂಬಿ ಮತ್ತು ದಲಾಫೊಂ ಎಂಬಿಬ್ಬರು ವಿದ್ವಾಂಸರು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದರು. ಮುಂಬಯಿಯ ಜನಸಂಖ್ಯೆಯನ್ನು ಹೇಳಿ ಬೆರಗುಪಡುವ ನಾವು ಒಂದು ಹನಿ ಮೆಲುಕುರಸದ ಮುಂದೆ ಸುಮ್ಮನಿರುವುದು ಲೇಸು.

ಈ ಒಕ್ಕಲು ಮಾಡುವ ಕೆಲಸವೇನು? ನಾರನ್ನು ಒಡೆದು, ಹುಳಿಯಿಸಿ, ಕೆಲವು ಸೌಮ್ಯವಾದ ಆಮ್ಲಗಳನ್ನಾಗಿ ಮಾಡುತ್ತದೆ. ಅವುಗಳಲ್ಲಿ ಮುಖ್ಯವಾದುದು ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲವೇ. ಹಸು ಬದುಕುವುದಕ್ಕೆ ಬೇಕಾದ ಶಕ್ತಿಯ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಈ ಆಮ್ಲಗಳಿಂದಲೇ ಬರುತ್ತದೆ. ಅಸಿಟಿಕ್ ಆಮ್ಲ ರಕ್ತದ ಮೂಲಕ ಕೆಚ್ಚಲಿಗೆ ಹೋಗಿ ಹಾಲಿನ ಜಿಡ್ಡಾಗುತ್ತದೆ. ಪ್ರೊಪಿಯಾನಿಕ್ ಎಂಬ ಇನ್ನೊಂದು ಆಮ್ಲ ಯಕೃತ್ತಿಗೆ ಹೋಗಿ ಸಕ್ಕರೆಯಾಗುತ್ತದೆ. ಹಸು ತಾನು ತಿಂದ ಆಹಾರದಿಂದ ನೇರವಾಗಿ ಸಕ್ಕರೆಯನ್ನು ಹೀರಿಕೊಳ್ಳುವುದು ಇಲ್ಲವೆನ್ನುವಷ್ಟು ಕಡಮೆ. ಒಂದು ಲೀಟರ್ ಹಾಲು ಇಳಿಯಬೇಕಾದರೆ ಸುಮಾರು ಎಪ್ಪತ್ತು ಗ್ರಾಂ ಸಕ್ಕರೆ ಬೇಕು. ಹದಿನಾಲ್ಕು ಲೀಟರ್ ಕರೆಯುವ ಹಸುವಿನ ಯಕೃತ್ತು ಹಾಲಿಗೆಂದೇ ದಿನಕ್ಕೆ ಒಂದು ಕಿಲೋ ಸಕ್ಕರೆಯನ್ನು ಕಷ್ಟಪಟ್ಟು ಒದಗಿಸಬೇಕಾಗುತ್ತದೆ.

ಇಷ್ಟೆಲ್ಲ ಆಮ್ಲ ಉತ್ಪತ್ತಿಯಾಗುತ್ತಿದ್ದರೂ ಚೀಲ ಹುಳಿಯಾಗಿ ಕೆಡದಿರುವುದಕ್ಕೆ ಕಾರಣ ಮೆಲುಕು. ಹಸು ದಿನಕ್ಕೆ ಏಳೆಂಟು ಗಂಟೆಗಳ ಕಾಲ ಮೆಲುಕು ಹಾಕುತ್ತದೆ. ಅದು ಸೋಮಾರಿತನವಲ್ಲ. ಅಗಿದಷ್ಟೂ ಜೊಲ್ಲು ಸುರಿಯುತ್ತದೆ. ದಿನಕ್ಕೆ ನೂರು ಲೀಟರ್, ಅದಕ್ಕಿಂತಲೂ ಹೆಚ್ಚು. ಆ ಜೊಲ್ಲಿನಲ್ಲಿ ನಮ್ಮ ಅಡುಗೆಮನೆಯ ಸೋಡಾವೇ ಕರಗಿರುತ್ತದೆ. ಅದು ಆಮ್ಲವನ್ನು ಮುರಿದು ಚೀಲದ ಪಿಎಚ್ ಅನ್ನು ಆರರಿಂದ ಏಳರ ನಡುವೆ ನಿಲ್ಲಿಸುತ್ತದೆ. ಒರಟಾದ ಹುಲ್ಲು ತಿಂದರೆ ಮೆಲುಕು ಹೆಚ್ಚು, ಜೊಲ್ಲು ಹೆಚ್ಚು. ಮೆತ್ತಗಿನ ಅನ್ನವನ್ನೋ ಹಿಟ್ಟನ್ನೋ ತಿಂದರೆ ಅಗಿಯಲು ಏನಿದೆ?

ಪುಸ್ತಕದ ಮಾತು ಇಷ್ಟು ಸಾಕು. ಇವನ್ನೆಲ್ಲ ನಾವು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ದೊಡ್ಡಮ್ಮನ ಹಟ್ಟಿಯಲ್ಲಿ ನಿಂತು.

ದೊಡ್ಡಮ್ಮನ ಮನೆ ಕಾರ್ಕಳದ ಸಮೀಪದ ಒಂದು ಹಳ್ಳಿಯಲ್ಲಿ. ದೊಡ್ಡಪ್ಪ ತೀರಿಕೊಂಡ ಬಳಿಕ ಮಕ್ಕಳು ಮುಂಬಯಿಗೆ ಬಾ ಎಂದು ಎಷ್ಟು ಕರೆದರೂ ಅವರು ಒಪ್ಪಲಿಲ್ಲ. "ಅಲ್ಲಿ ನಿಮ್ಮ ಎರಡು ಕೋಣೆಯಲ್ಲಿ ನಾನು ಎಲ್ಲಿ ಕೂರುವುದು, ಗೌರಿ ಎಲ್ಲಿ ನಿಲ್ಲುವುದು?" ಎಂಬುದು ಅವರ ಉತ್ತರ. ಗೌರಿಯೆಂಬುದು ಬ್ಯಾಂಕಿನ ಸಾಲದಿಂದ ಕೊಂಡ ಕಪ್ಪುಬಿಳುಪಿನ ಮಿಶ್ರತಳಿಯ ಹಸು. ಎರಡನೆಯ ಕರು ಹಾಕಿ ಎರಡು ತಿಂಗಳಾಗಿತ್ತು. ಎರಡು ಹೊತ್ತಿಗೂ ಸೇರಿ ಹದಿನಾಲ್ಕು ಲೀಟರ್ ಹಾಲು. ಬೆಳಗ್ಗೆ ಸಂಜೆ ಊರಿನ ಹಾಲಿನ ಸಂಘಕ್ಕೆ ಒಯ್ದು ಅಳೆದು ಬಂದ ಹಣದಲ್ಲಿ ಮನೆಯೂ ನಡೆಯಬೇಕು, ಸಾಲದ ಕಂತೂ ಹೋಗಬೇಕು. ಎಂಟು ಕಂತುಗಳು ಬಾಕಿಯಿದ್ದವು.

2016ನೆಯ ಇಸವಿಯ ಮೇ ತಿಂಗಳು. ಬೇಸಗೆಯ ರಜೆಯಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ಆಚೆಮನೆಯಲ್ಲಿ ಮದುವೆ. ಮಧ್ಯಾಹ್ನದ ಹೊತ್ತಿಗೆ ಗುಡುಗು ಸಹಿತ ಮಳೆ ಬಂದು ಬರಬೇಕಾದ ನೆಂಟರಲ್ಲಿ ಹಲವರು ಬರಲಿಲ್ಲ. ಅನ್ನ, ಪಾಯಸ, ಹೋಳಿಗೆ ಮಿಕ್ಕಿತು. ಅನ್ನವನ್ನು ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ; ಬರಲೂಬಾರದು. ಆ ಮನೆಯ ಹುಡುಗರು ಪುಣ್ಯಕಾರ್ಯವೆಂದೇ ತಿಳಿದು ಎರಡು ದೊಡ್ಡ ಬಾಲ್ದಿ ಅನ್ನವನ್ನು ಪಾಯಸ ಕಲಸಿ ತಂದು ಗೌರಿಯ ಮುಂದೆ ಸುರಿದು ಹೋದರು. ದೊಡ್ಡಮ್ಮ ಆಗ ಮದುವೆಯ ಚಪ್ಪರದಲ್ಲಿದ್ದರು. ದಿನವೂ ಬೈಹುಲ್ಲು, ಹಸಿರು ಹುಲ್ಲು, ಅಳತೆಯ ಹಿಂಡಿ ಎಂದು ತಿನ್ನುತ್ತಿದ್ದ ಹಸುವಿಗೆ ಅದು ಹಬ್ಬವಾಯಿತು. ಒಂದಗುಳೂ ಉಳಿಯಲಿಲ್ಲ.

ಮರುದಿನ ನಸುಕಿನಲ್ಲಿ ಹಾಲು ಕರೆಯಲು ಹೋದ ದೊಡ್ಡಮ್ಮ ಚೆಂಬನ್ನು ಹಾಗೆಯೇ ಹಿಡಿದುಕೊಂಡು ಹಿಂದೆ ಬಂದರು. "ಹಾಲು ಎರಡು ಕುಡ್ತೆಯೂ ಇಲ್ಲ ಮಗಾ. ಅದು ಹೋಗಲಿ, ಮೆಲುಕೇ ಹಾಕ್ತಾ ಇಲ್ಲ ಅದು" ಎಂದರು. ಹಳ್ಳಿಯ ಹಿರಿಯರಿಗೆ ಪಿಎಚ್ ತಿಳಿಯದು; ಆದರೆ ಹಸುವಿಗೆ ಸೌಖ್ಯವಿಲ್ಲವೆಂದರೆ ಅವರು ಕೇಳುವ ಮೊದಲನೆಯ ಪ್ರಶ್ನೆ ಜ್ವರವಿದೆಯೇ ಎಂದಲ್ಲ, ಮೆಲುಕು ಹಾಕಿತೇ ಎಂದು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಪಶುವೈದ್ಯ ಕಾಲೇಜುಗಳೂ ಇನ್ನೂ ಕಂಡುಹಿಡಿದಿಲ್ಲವೆಂದು ನಮ್ಮ ನಂಬುಗೆ.

ನಾವು ಹಟ್ಟಿಗೆ ಹೋಗಿ ನೋಡಿದೆವು. ಗೌರಿ ತಲೆ ತಗ್ಗಿಸಿ ನಿಂತಿತ್ತು. ಕಣ್ಣು ಗುಳಿಬಿದ್ದಿತ್ತು. ಹಲ್ಲು ಕಡಿಯುತ್ತಿತ್ತು. ಎಡಪಕ್ಕೆ ತುಂಬಿ ನಿಂತಿದ್ದರೂ ಮುಟ್ಟಿದರೆ ನೀರು ತುಂಬಿದ ತೊಗಲಿನಂತೆ ಕುಲುಕುತ್ತಿತ್ತು. ಸಗಣಿ ತೆಳ್ಳಗೆ, ಬೂದು ಬಣ್ಣ, ಹುಳಿನಾತ. ಅದರಲ್ಲಿ ಅಗುಳುಗಳು ಹಾಗೆಯೇ ಕಾಣುತ್ತಿದ್ದವು. ಎರಡು ಹೆಜ್ಜೆ ನಡೆಸಿದರೆ ಕುಡಿದವರಂತೆ ಓಲಾಡಿತು.

ಪಶುವೈದ್ಯರು ಬರುವಾಗ ಎಂಟೂವರೆ ಗಂಟೆ. ತರುಣಿ, ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬಂದವರು. ಅವರು ಎಡಪಕ್ಕೆಯ ಗುಳಿಯ ಮೇಲೆ ಮುಷ್ಟಿಯಿಟ್ಟು ಗಡಿಯಾರ ನೋಡುತ್ತ ನಿಂತರು. ಆರೋಗ್ಯವಂತ ಹಸುವಿನ ಮೆಲುಕುಚೀಲ ಎರಡು ನಿಮಿಷಗಳಲ್ಲಿ ಎರಡು ಮೂರು ಬಾರಿಯಾದರೂ ಅಲೆಯಂತೆ ಎದ್ದು ಕೈಯನ್ನು ಹೊರಗೆ ತಳ್ಳಬೇಕು. ಐದು ನಿಮಿಷ ಕಳೆದರೂ ಅವರ ಕೈ ಅಲುಗಲಿಲ್ಲ.

"ನಿನ್ನೆ ಎಂತ ತಿಂದಿದೆ ಅಮ್ಮ?"

ದೊಡ್ಡಮ್ಮ ಹೇಳಿದರು.

"ಹಾಗಾದರೆ ಒಳಗೆ ಎಲ್ಲ ಹುಳಿಯಾಗಿದೆ" ಎಂದು ಅವರು ತೋಳು ಮೇಲೆತ್ತಿದರು.

ಬಾಯಿಗೆ ಅಡ್ಡಕಟ್ಟಿಗೆ ಇಟ್ಟು ಉದ್ದವಾದ ರಬ್ಬರ್ ಕೊಳವೆಯನ್ನು ಹೊಟ್ಟೆಗಿಳಿಸಿ ಸ್ವಲ್ಪ ರಸವನ್ನು ತೆಗೆದರು. ಸುಖವಾಗಿರುವ ಹಸುವಿನ ಮೆಲುಕುರಸ ಹಸುರು ಬಣ್ಣದ್ದು, ಹುಲ್ಲಿನ ಪರಿಮಳದ್ದು. ಇದು ಅಕ್ಕಿ ತೊಳೆದ ನೀರಿನಂತೆ ಬಿಳುಪಾಗಿ, ಹಳೆಯ ಮಜ್ಜಿಗೆಗಿಂತ ಹೆಚ್ಚು ಹುಳಿಯ ವಾಸನೆ ಹೊಡೆಯುತ್ತಿತ್ತು. ಅದ್ದಿದ ಕಾಗದದ ಚೂರು ಪಿಎಚ್ ನಾಲ್ಕೂವರೆಯೆಂದು ತೋರಿಸಿತು. ಐದರ ಕೆಳಗಿಳಿದರೆ ಪ್ರಾಣಕ್ಕೇ ಅಪಾಯವೆಂದು ಅವರು ಹೇಳಿದರು.

ನಡೆದದ್ದು ಇಷ್ಟು. ಬೆಂದ ಅನ್ನದ ಪಿಷ್ಟ ಮೆಲುಕುಚೀಲದಲ್ಲಿ ಬಲು ಬೇಗ ಕರಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ, ನಿತ್ಯವೂ ಅಲ್ಲಿ ಮೂಲೆಯಲ್ಲಿ ಅಲ್ಪಸಂಖ್ಯೆಯಲ್ಲಿ ಇರುವಂಥದು, ಈ ಸಿಹಿಯನ್ನು ಕಂಡು ಕೆಲವೇ ಗಂಟೆಗಳಲ್ಲಿ ಮಿತಿಮೀರಿ ಬೆಳೆದು ಲ್ಯಾಕ್ಟಿಕ್ ಆಮ್ಲವನ್ನು ಸುರಿಯುತ್ತದೆ. ಮೊಸರಿನ ಹುಳಿ ಇದೇ ಆಮ್ಲದ್ದು; ಆದರೆ ಇದು ವಿನಿಗರಿನ ಆಮ್ಲಕ್ಕಿಂತ ಎಷ್ಟೋ ಪಾಲು ತೀಕ್ಷ್ಣ. ಆ ಹುಳಿಯಲ್ಲಿ ನಾರನ್ನು ಅರಗಿಸುವ ಒಳ್ಳೆಯ ಒಕ್ಕಲು ಸಾಯುತ್ತದೆ; ಈಜಾಡುವ ಏಕಕೋಶಜೀವಿಗಳು ಮೊದಲೇ ಸಾಯುತ್ತವೆ. ಹುಳಿಯನ್ನು ತಾಳಿಕೊಳ್ಳಬಲ್ಲ ಇನ್ನೊಂದು ಗುಂಪು ಮಾತ್ರ ಉಳಿದು ಮತ್ತಷ್ಟು ಹುಳಿ ಮಾಡುತ್ತದೆ. ಊರಿನವರೆಲ್ಲ ಬಿಟ್ಟುಹೋದ ಮೇಲೆ ಊರನ್ನು ಹಿಡಿದ ಪುಂಡರಂತೆ.

ಇಲ್ಲಿಯವರೆಗೆ ಇದು ಹೊಟ್ಟೆಯ ಬೇನೆ. ಇಲ್ಲಿಂದ ಮುಂದೆ ಇದು ಮೈಯೆಲ್ಲದರ ಬೇನೆಯಾಗುತ್ತದೆ. ಉಪ್ಪಿನಕಾಯಿಯ ಜಾಡಿಯಲ್ಲಿ ಉಪ್ಪು ಮಾವಿನಕಾಯಿಯಿಂದ ನೀರನ್ನು ಸೆಳೆಯುವುದನ್ನು ನೀವು ನೋಡಿರಬಹುದು. ಹಾಗೆಯೇ ಗಾಢವಾದ ಈ ಹುಳಿರಸ ರಕ್ತದಿಂದ ನೀರನ್ನು ಚೀಲದೊಳಕ್ಕೆ ಸೆಳೆಯುತ್ತದೆ. ಹೊಟ್ಟೆಯಲ್ಲಿ ನೀರು ಕುಲುಕುತ್ತಿರುವಾಗ ಮೈ ನೀರಿಲ್ಲದೆ ಒಣಗುತ್ತದೆ. ಗುಳಿಬಿದ್ದ ಕಣ್ಣಿನ ಅರ್ಥ ಅದು. ರಕ್ತ ಗಟ್ಟಿಯಾಗಿ ಮೂತ್ರಪಿಂಡಗಳಿಗೆ ಸಾಕಷ್ಟು ಹರಿಯದೆ ಮೂತ್ರ ನಿಲ್ಲುತ್ತದೆ. ಲ್ಯಾಕ್ಟಿಕ್ ಆಮ್ಲ ರಕ್ತಕ್ಕೂ ಸೇರುತ್ತದೆ. ಆ ಆಮ್ಲದಲ್ಲಿ ಎಡಗೈ ಬಲಗೈಗಳಂತೆ ಎರಡು ರೂಪಗಳುಂಟು. ಒಂದನ್ನು ಹಸುವಿನ ಮೈ ಬೇಗ ಸುಟ್ಟುಕೊಳ್ಳಬಲ್ಲದು, ಇನ್ನೊಂದು ನಿಧಾನವಾಗಿ ಮಾತ್ರ ಕರಗುವುದರಿಂದ ರಕ್ತದಲ್ಲಿ ಶೇಖರವಾಗಿ ನಿಲ್ಲುತ್ತದೆ. ಉಸಿರು ಜೋರಾಗುವುದು, ಹೆಜ್ಜೆ ತಪ್ಪುವುದು ಇದರಿಂದ. ಮೆಲುಕುಚೀಲದ ಸೂಕ್ಷ್ಮಜೀವಿಗಳು ಹಸುವಿಗಾಗಿ ತಯಾರಿಸಿ ಕೊಡುವ ಬಿ-ಒಂದು ಜೀವಸತ್ತ್ವವೂ ನಿಂತುಹೋಗುತ್ತದೆ. ಮಿದುಳಿಗೆ ಅದಿಲ್ಲದೆ ಸಾಗದು. ಕೆಲವು ಹಸುಗಳು ಕುರುಡಾಗಿ ಗೋಡೆಗೆ ತಲೆಯೊತ್ತಿ ನಿಲ್ಲುವುದುಂಟಂತೆ.

ಡಾಕ್ಟರಮ್ಮ ಮಧ್ಯಾಹ್ನದವರೆಗೆ ಹಟ್ಟಿಯಿಂದ ಅಲುಗಲಿಲ್ಲ. ಕೊಳವೆಯಿಂದ ನೀರು ಹೊಯ್ದು ಹುಳಿಯನ್ನು ಹೊರಗೆ ಬಸಿಯುವುದು, ಮತ್ತೆ ಹೊಯ್ಯುವುದು. ಹೀಗೆ ಹತ್ತು ಹನ್ನೆರಡು ಬಾರಿ. ಬಾವಿಯಿಂದ ನೀರು ಸೇದಿ ಸೇದಿ ನಮ್ಮ ಅಂಗೈ ಕೆಂಪಾಯಿತು. ಬಳಿಕ ಅಡುಗೆಸೋಡಾವನ್ನು ನೀರಿನಲ್ಲಿ ಕದಡಿ ಹೊಟ್ಟೆಗೆ ಹೊಯ್ದರು. ಹಟ್ಟಿಯ ಅಡ್ಡಪಟ್ಟಿಗೆ ಬಾಟಲಿಗಳನ್ನು ನೇತುಹಾಕಿ ಕತ್ತಿನ ರಕ್ತನಾಳಕ್ಕೆ ಒಂದಾದ ಮೇಲೊಂದರಂತೆ ದ್ರಾವಣ ಬಿಟ್ಟರು. ಬಿ-ಒಂದರ ಸೂಜಿ ಚುಚ್ಚಿದರು. ಇದಕ್ಕೆ ಬಗ್ಗದಿದ್ದರೆ ಎಡಪಕ್ಕೆಯನ್ನು ಕೊಯ್ದು ಚೀಲವನ್ನು ತೆರೆದು ಅನ್ನವನ್ನು ಕೈಯಿಂದಲೇ ತೆಗೆಯಬೇಕಾದೀತೆಂದರು. "ಬದುಕ್ತದಾ ಡಾಕ್ಟ್ರಮ್ಮ?" ಎಂದು ದೊಡ್ಡಮ್ಮ ಕೇಳಿದ್ದು ಒಂದೇ ಸಲ. ಅವರು "ರಾತ್ರೆ ಕಳೆಯಲಿ ಅಮ್ಮ" ಎಂದರು. ದೊಡ್ಡಮ್ಮ ಆ ರಾತ್ರೆ ಒಳಗೆ ಬರಲಿಲ್ಲ. ಹಟ್ಟಿಯ ಹೊಸ್ತಿಲಲ್ಲಿ ಗೋಣಿ ಹಾಸಿಕೊಂಡು ಕುಳಿತರು.

ರಾತ್ರೆ ಕಳೆಯಿತು. ಎರಡನೆಯ ದಿನದ ಸಂಜೆ ನಡೆದ ಚಿಕಿತ್ಸೆಯನ್ನು ಕಂಡು ಮಾತ್ರ ನಾವು ಬೆರಗಾದೆವು. ಹುಳಿಯೇನೋ ಇಳಿದಿತ್ತು, ಆದರೆ ಚೀಲದಲ್ಲಿ ಒಕ್ಕಲೇ ಇಲ್ಲ. ಬರಿಯ ಹುಲ್ಲು ಹಾಕಿದರೆ ಅರಗಿಸುವವರು ಯಾರು? ಡಾಕ್ಟರಮ್ಮ ಕೆಳಮನೆಯ ಗಟ್ಟಿಮುಟ್ಟಾದ ಊರಹಸುವೊಂದರ ಹೊಟ್ಟೆಗೆ ಕೊಳವೆಯಿಳಿಸಿ ನಾಲ್ಕೈದು ಲೀಟರ್ ಹಸುರು ರಸವನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ಬಿಸಿ ಆರುವುದರೊಳಗೆ ತಂದು ಗೌರಿಯ ಹೊಟ್ಟೆಗೆ ಹೊಯ್ದರು. ಹಾಲಿಗೆ ಹೆಪ್ಪು ಹಾಕುವಂತೆ! ಆಚೆಮನೆಯಿಂದ ಹೆಪ್ಪು ಕೇಳಿ ತರುವುದು ದೊಡ್ಡಮ್ಮನಿಗೆ ಹೊಸದಲ್ಲ; ಹಸುವಿನ ಹೊಟ್ಟೆಗೂ ಹೆಪ್ಪು ತರಬಹುದೆಂದು ಅವರಿಗೂ ಅಂದೇ ತಿಳಿದದ್ದು. ನಾಲ್ಕನೆಯ ದಿನ ಮುಂಜಾನೆ ಗೌರಿ ಒಂದು ಉಂಡೆಯನ್ನು ಮೇಲಕ್ಕೆ ತಂದು ನಿಧಾನವಾಗಿ ಅಗಿಯತೊಡಗಿತು. ದೊಡ್ಡಮ್ಮ ನಮ್ಮನ್ನು ಎಬ್ಬಿಸಿ ಕರೆದುಕೊಂಡು ಹೋಗಿ ತೋರಿಸಿದರು.

ಕಥೆ ಮುಗಿಯಿತೆಂದು ನಾವು ತಿಳಿದೆವು. ಆದರೆ ಕೆಟ್ಟ ಹೊಟ್ಟೆಯ ಲೆಕ್ಕ ಅಷ್ಟು ಬೇಗ ತೀರುವುದಿಲ್ಲ.

ಐದನೆಯ ದಿನ ಹಸುವಿನ ಉಸಿರಿನಲ್ಲಿ ಒಂದು ವಿಚಿತ್ರವಾದ ಸಿಹಿವಾಸನೆ ಬಂದಿತು. ಉಗುರಿನ ಬಣ್ಣವನ್ನು ಒರೆಸುವ ದ್ರವದ ವಾಸನೆ. ನಮ್ಮ ಮೂಗಿಗೆ ಅದು ಸ್ಪಷ್ಟವಾಗಿ ತಿಳಿಯಿತು. ದೊಡ್ಡಮ್ಮನ ಮೂಗಿಗೆ ತಿಳಿಯಲಿಲ್ಲ. ಎಲ್ಲ ಮೂಗುಗಳಿಗೂ ಅದು ಹತ್ತುವುದಿಲ್ಲವಂತೆ. ಮೂತ್ರದಲ್ಲಿ ಪರೀಕ್ಷೆಯ ಪುಡಿ ನೇರಳೆ ಬಣ್ಣಕ್ಕೆ ತಿರುಗಿತು. ನಾಲ್ಕು ದಿನ ಮೇವಿಲ್ಲದ ಹಸು ಹಾಲಿಗೆ ಬೇಕಾದ ಸಕ್ಕರೆಗಾಗಿ ಪರದಾಡುತ್ತ ತನ್ನ ಮೈಯ ಕೊಬ್ಬನ್ನೇ ಕರಗಿಸತೊಡಗುತ್ತದೆ. ಆ ಕೊಬ್ಬು ಯಕೃತ್ತಿಗೆ ಬಂದು ರಾಶಿ ಬೀಳುತ್ತದೆ. ಪೂರ್ತಿ ಉರಿಯಲಾರದೆ ಅರ್ಧ ಉರಿದದ್ದೇ ಈ ಅಸಿಟೋನ್ ಮತ್ತು ಅದರ ಬಂಧುಗಳು. ಇದಕ್ಕೆ ಕೀಟೋಸಿಸ್ ಎಂದು ಹೆಸರು. ಯಕೃತ್ತು ಕೊಬ್ಬಿನಿಂದ ತುಂಬಿ ಹಳದಿಯಾದರೆ ಅದು ಸಕ್ಕರೆ ಮಾಡುವ ಕೆಲಸವನ್ನು ಇನ್ನಷ್ಟು ಕಡಮೆ ಮಾಡುತ್ತದೆ. ಸಕ್ಕರೆ ಕಡಮೆಯಾದಷ್ಟೂ ಕೊಬ್ಬು ಮತ್ತಷ್ಟು ಕರಗುತ್ತದೆ. ಈ ಸುಳಿಯಿಂದ ಹೊರಗೆಳೆಯಲು ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟರು. ಅನ್ನದ ಸಿಹಿಯಿಂದ ಸಾಯಲಿದ್ದ ಹಸುವಿಗೆ ವಾರದೊಳಗೆ ಸಿಹಿಯೇ ಔಷಧವಾಯಿತು. ಯಾವ ಬಾಗಿಲಿನಿಂದ ಒಳಗೆ ಹೋಯಿತೆಂಬುದೇ ವ್ಯತ್ಯಾಸ.

ಯಕೃತ್ತಿಗೆ ಇನ್ನೊಂದು ಭಯವೂ ಇತ್ತು. ಮೆಲುಕುಚೀಲದ ಒಳಗೋಡೆ ದಪ್ಪ ಟವೆಲಿನಂತೆ ಜುಂಗುಜುಂಗಾಗಿರುತ್ತದೆ. ಹುಳಿ ಅದನ್ನು ಸುಟ್ಟರೆ ಅಲ್ಲಿಯ ಹುಣ್ಣುಗಳಿಂದ ಒಂದು ದುಷ್ಟ ಬ್ಯಾಕ್ಟೀರಿಯಾ ರಕ್ತಕ್ಕೆ ನುಸುಳಿ ನೇರವಾಗಿ ಯಕೃತ್ತಿಗೆ ಹೋಗಿ ಕೀವುಗುಳ್ಳೆಗಳನ್ನು ಮಾಡುತ್ತದೆ. ಹಸು ತಿಂಗಳುಗಟ್ಟಲೆ ಚೆನ್ನಾಗಿಯೇ ಕಾಣಬಹುದು. ಎಂದೋ ಒಂದು ದಿನ ಗುಳ್ಳೆ ದೊಡ್ಡ ರಕ್ತನಾಳದ ಬದಿಗೆ ಒಡೆದು, ಕೀವು ಶ್ವಾಸಕೋಶಗಳನ್ನು ಸೇರಿ, ಹಸು ಮೂಗಿನಿಂದ ರಕ್ತ ಸುರಿಸಿ ಬೀಳುವುದುಂಟು. ಅದನ್ನು ಕಂಡವರು ಕಣ್ಣುಬಿದ್ದಿತೆಂದೋ ವಿಷವಿಕ್ಕಿದರೆಂದೋ ಹೇಳುತ್ತಾರೆ. ಎಂದೋ ತಿಂದ ಬಾಲ್ದಿ ಅನ್ನವನ್ನು ಯಾರು ನೆನೆಯುತ್ತಾರೆ? ಗೌರಿಗೆ ದೇವರ ದಯದಿಂದ ಹಾಗಾಗಲಿಲ್ಲ.

ಮೂರನೆಯ ವಾರ ಅದು ಕುಂಟತೊಡಗಿತು. ಹೊಟ್ಟೆಗೂ ಗೊರಸಿಗೂ ಏನು ಸಂಬಂಧವೆಂದು ನೀವು ಕೇಳುವಿರಿ. ನಾವೂ ದೂರವಾಣಿಯಲ್ಲಿ ದೊಡ್ಡಮ್ಮನನ್ನು ಹಾಗೆಯೇ ಕೇಳಿದೆವು. ನಾವಾಗ ಮುಂಬಯಿಗೆ ಹಿಂದಿರುಗಿದ್ದೆವು. ಸತ್ತ ಸೂಕ್ಷ್ಮಜೀವಿಗಳಿಂದ ಬಿಡುಗಡೆಯಾದ ನಂಜು ರಕ್ತದಲ್ಲಿ ಹರಿದು ಗೊರಸಿನೊಳಗಿನ ಕೂದಲೆಳೆಯಂತಹ ರಕ್ತನಾಳಗಳನ್ನು ಕೆಡಿಸುತ್ತದೆ. ಗೊರಸಿನ ಗಟ್ಟಿಚಿಪ್ಪಿನೊಳಗೆ ಬಾವು ಬಂದರೆ ಊದಿಕೊಳ್ಳಲು ಜಾಗವಿಲ್ಲ. ಬಿಗಿಯಾದ ಬೂಟಿನೊಳಗೆ ಬೆರಳು ಜಜ್ಜಿಕೊಂಡವರಿಗೆ ಆ ನೋವು ಅರ್ಥವಾದೀತು. ನಾನೂರು ಕಿಲೋ ತೂಕವನ್ನು ಆ ಗೊರಸುಗಳೇ ಹೊರಬೇಕು. ಗೌರಿ ಮುಂಗಾಲುಗಳನ್ನು ಒಂದರ ಮುಂದೊಂದು ಅಡ್ಡವಾಗಿ ಇಟ್ಟುಕೊಂಡು ನಿಲ್ಲುತ್ತಿತ್ತಂತೆ. ನೆಲ ಮೆತ್ತಗಿರಲೆಂದು ದೊಡ್ಡಮ್ಮ ಸೊಪ್ಪಿನ ಹಾಸನ್ನು ಎರಡರಷ್ಟು ಮಾಡಿದರು.

ಹಾಲು ಹದಿನಾಲ್ಕರಿಂದ ಎರಡಕ್ಕೆ ಇಳಿದದ್ದು ಮತ್ತೆ ಏರಿ ಒಂಬತ್ತಕ್ಕೆ ನಿಂತಿತು. ಸಾಲದ ಕಂತು ಮಾತ್ರ ಇಳಿಯಲಿಲ್ಲ. ಮುಂಬಯಿಯಿಂದ ಮಕ್ಕಳು ಹಣ ಕಳುಹಿಸಿದಾಗ ದೊಡ್ಡಮ್ಮ ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರು. ಒಂದೊಂದನ್ನೇ ಹಿಂದಿರುಗಿಸಿದರು ಕೂಡ.

ಇದನ್ನು ಓದಿ ಹಳ್ಳಿಯವರ ಅಜ್ಞಾನವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ವಿದ್ಯಾವಂತರು ನಡೆಸುವ ದೊಡ್ಡ ದೊಡ್ಡ ಹೈನುಗಾರಿಕೆಗಳಲ್ಲಿಯೂ ಇದೇ ಬೇನೆ ಸೌಮ್ಯರೂಪದಲ್ಲಿ ಪ್ರತಿದಿನ ನಡೆಯುತ್ತಿರುತ್ತದೆ. ಹಾಲು ಹೆಚ್ಚಲೆಂದು ಹುಲ್ಲನ್ನು ಕಡಮೆಮಾಡಿ ಧಾನ್ಯವನ್ನು ಹೆಚ್ಚಿಸಿದರೆ ಮೆಲುಕುಚೀಲ ದಿನದಲ್ಲಿ ಕೆಲವು ಗಂಟೆಗಳ ಕಾಲ ಐದೂವರೆಯ ಹತ್ತಿರಕ್ಕೆ ಇಳಿದು ಮತ್ತೆ ಮೇಲೇಳುತ್ತದೆ. ಹಸು ಬೀಳುವುದಿಲ್ಲ, ಓಲಾಡುವುದಿಲ್ಲ. ಹಾಲಿನ ಜಿಡ್ಡು ಇಳಿಯುತ್ತದೆ, ಒಂದು ದಿನ ತಿಂದರೆ ಇನ್ನೊಂದು ದಿನ ಬಿಡುತ್ತದೆ, ವರ್ಷದ ಕೊನೆಗೆ ಕುಂಟುತ್ತದೆ. ಬಾಲ್ದಿಯಲ್ಲಿ ತಂದು ಸುರಿದವರಾದರೂ ಪುಣ್ಯಕ್ಕೆಂದು ಸುರಿದರು.

ಪುಣ್ಯದ ಮಾತು ಬಂದುದರಿಂದ ಇನ್ನೊಂದು ವಿಷಯ. ಊಟಕ್ಕೆ ಮುಂಚೆ ಹಸುವಿಗೆ ಕೊಡುವುದಕ್ಕೆ ನಮ್ಮ ಹಿರಿಯರು ಗೋಗ್ರಾಸವೆಂದು ಹೆಸರಿಟ್ಟರು. ಗ್ರಾಸವೆಂದರೆ ತುತ್ತು. ಒಂದು ತುತ್ತನ್ನು ಯಾವ ಹಸುವಾದರೂ ಅರಗಿಸಿಕೊಂಡೀತು. ಗೋಕೊಪ್ಪರಿಗೆಯೆಂದು ಅವರು ಎಲ್ಲಿಯೂ ಹೇಳಿಲ್ಲ. ನಿಮ್ಮ ದೇವಸ್ಥಾನದ ಮೂಲೆಯ ಹಸುವಿಗೆ ನೀವು ಏನಾದರೂ ಕೊಡುವುದಿದ್ದರೆ ಆ ಹೆಂಗಸಿನ ಮುಂದಿರುವ ಎರಡರಲ್ಲಿ ಹುಲ್ಲಿನ ಕಟ್ಟನ್ನೇ ಆರಿಸಿಕೊಳ್ಳಿ. ಅವಳಿಗೂ ನಷ್ಟವಿಲ್ಲ.

ಮರುವರ್ಷ, 2017ರ ಮೇ ತಿಂಗಳಲ್ಲಿ, ನಾವು ಮತ್ತೆ ಊರಿಗೆ ಹೋದೆವು. ಗೌರಿಯ ನಾಲ್ಕು ಕಾಲುಗಳ ಗೊರಸುಗಳ ಮೇಲೂ ಉಗುರಿನಿಂದ ಕೊರೆದಂತಹ ಒಂದು ಅಡ್ಡಗೆರೆಯಿತ್ತು. ಗೊರಸು ತಿಂಗಳಿಗೆ ಸುಮಾರು ಅರ್ಧ ಸೆಂಟಿಮೀಟರಿನಂತೆ ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ. ಬೇನೆಯ ದಿನಗಳಲ್ಲಿ ಬೆಳವಣಿಗೆ ನಿಂತುದರ ಗುರುತು ಆ ಗೆರೆ. ಅಳೆದು ನೋಡಿದೆವು: ಕೂದಲಿನ ಅಂಚಿನಿಂದ ಆರು ಸೆಂಟಿಮೀಟರ್ ಕೆಳಗೆ ಬಂದಿತ್ತು. ದೊಡ್ಡಮ್ಮ ಪಕ್ಕದಲ್ಲಿ ಬೈಹುಲ್ಲು ಉದುರಿಸುತ್ತ, "ಮಳೆಗಾಲ ಕಳೆಯುವಾಗ ಅದು ಸವೆದು ಹೋಗ್ತದೆ" ಎಂದರು. ಅಷ್ಟರಲ್ಲಿ ಯಾರೋ ಆಮಂತ್ರಣದ ಕಾಗದ ಹಿಡಿದುಕೊಂಡು ಅಂಗಳಕ್ಕೆ ಬಂದರು. ದೊಡ್ಡಮ್ಮ ಅವರನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ಮದುವೆಯ ದಿನ, ಮುಹೂರ್ತ, ಹುಡುಗನ ಕೆಲಸ ಎಲ್ಲವನ್ನೂ ವಿಚಾರಿಸಿದ ಮೇಲೆ, ಎಷ್ಟು ಎಲೆಯ ಊಟವೆಂದು ಕೇಳಿದರು.